ಚಳಿಗಾಲಕ್ಕೆ ಸೈಲ್‌ಬೋಟಿನ ಸಿಹಿನೀರಿನ ಪೈಪುಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಷಿಕಾಗೊ, ಮಿಲ್ವಾಕಿ, ಟೊರಾಂಟೊ ಕಡೆ ಹಳೇ ಸೈಲ್‌ಬೋಟ್ ಕೊಂಡ ಕನ್ನಡಿಗರು ಸೆಪ್ಟೆಂಬರ್ ಬಂತೆಂದರೆ ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಇವೇ. ಲೇಕ್ ಮಿಷಿಗನ್ ದಂಡೆಯ ಚಳಿಯನ್ನು ಮನಸ್ಸಿನಲ್ಲಿ ಇಟ್ಟುಕೊಂಡು ಉತ್ತರ ಬರೆದಿದ್ದೇನೆ. ಬೋಟು 25ರಿಂದ 40 ಅಡಿ, ಒಂದೋ ಎರಡೋ ನೀರಿನ ಟ್ಯಾಂಕು, ಒಂದು ವಾಟರ್ ಹೀಟರ್, ಗ್ಯಾಲಿಯಲ್ಲೊಂದು (ಅಂದರೆ ಬೋಟಿನ ಅಡುಗೆಮನೆಯಲ್ಲಿ) ನಲ್ಲಿ, ಬಚ್ಚಲಲ್ಲೊಂದು ನಲ್ಲಿ ಎಂದು ಇಟ್ಟುಕೊಳ್ಳಿ. ಎಂಜಿನ್ ಕೆಲಸ ಬೇರೆ. ಇಲ್ಲಿ ಕುಡಿಯುವ, ತೊಳೆಯುವ ನೀರಿನ ಮಾತು ಮಾತ್ರ: ಚಳಿಗೆ ಒಡೆಯದಂತೆ ಆ ಪೈಪುಗಳ ನೀರು ಖಾಲಿ ಮಾಡಿ, ಅವನ್ನು ಕಾಯುವ ಆಂಟಿಫ್ರೀಜ್ ಎಂಬ ದ್ರವ ತುಂಬುವ ಕೆಲಸ.

ಟ್ಯಾಂಕು ಖಾಲಿ ಮಾಡಿದರೆ ಸಾಲದಾ?

ಸಾಲದು. ಟ್ಯಾಂಕಿನ ತಳದಲ್ಲಿ ಎರಡು ಲೋಟ ನೀರು ಉಳಿದರೆ ಏನೂ ಆಗುವುದಿಲ್ಲ. ಹೆಪ್ಪುಗಟ್ಟಿದಾಗ ಮೇಲಕ್ಕೆ ಉಬ್ಬಲು ಅದಕ್ಕೆ ಬೇಕಾದಷ್ಟು ಜಾಗ ಇದೆ. ಹಾಳು ಮಾಡುವುದು ಇಕ್ಕಟ್ಟಿನಲ್ಲಿ ಸಿಕ್ಕಿಕೊಂಡ ನೀರು. ನೀರು ಮಂಜುಗಡ್ಡೆಯಾದಾಗ ಸುಮಾರು 9 ಶೇಕಡಾ ಹಿಗ್ಗುತ್ತದೆ. ಫ್ರೀಜರಿನಲ್ಲಿ ಮರೆತ ಗಾಜಿನ ಬಾಟಲಿಗೆ ಏನಾಗುತ್ತದೋ, ಪಂಪಿನ ತಲೆಗೂ ನಲ್ಲಿಯ ಹೊಟ್ಟೆಗೂ ಅದೇ ಆಗುತ್ತದೆ.

ಒಂದು ಸಲ ಪಂಪಿನ ಹತ್ತಿರ ಟಾರ್ಚ್ ಹಿಡಿದು ನೋಡಿ. ಪಂಪಿಗೆ ನೀರು ಬರುವ ಬದಿಯಲ್ಲಿ ಒಂದು ಪುಟ್ಟ ಪಾರದರ್ಶಕ ಬಟ್ಟಲು ಇರುತ್ತದೆ, ಒಳಗೆ ಸಣ್ಣ ಜಾಲರಿ. ಅದೇ ಸ್ಟ್ರೈನರ್. ಟ್ಯಾಂಕು ಪೂರ್ತಿ ಬತ್ತಿದ ಮೇಲೂ ಆ ಬಟ್ಟಲಿನಲ್ಲಿ ನಾಲ್ಕು ಚಮಚ ನೀರು ನಿಂತಿರುತ್ತದೆ. ಹಿಮ ಬಿದ್ದಾಗ ಅದರ ಗೋಡೆಯಲ್ಲಿ ಕೂದಲಿನಷ್ಟು ತೆಳುವಾದ ಬಿರುಕು ಬಿಡುತ್ತದೆ, ಕಣ್ಣಿಗೆ ಕಾಣುವುದೂ ಇಲ್ಲ. ಮೇ ತಿಂಗಳಲ್ಲಿ ಪಂಪು ಹಾಕಿದರೆ ಮೋಟರು ತಿರುಗುತ್ತಲೇ ಇರುತ್ತದೆ, ನಲ್ಲಿಯಲ್ಲಿ ಮಾತ್ರ ನೀರಿಲ್ಲ. ಬಿರುಕಿನಿಂದ ಗಾಳಿ ಎಳೆದುಕೊಳ್ಳುತ್ತಿರುತ್ತದೆ. ಜನ ಪಂಪೇ ಕೆಟ್ಟಿದೆ ಎಂದುಕೊಂಡು ಹೊಸದು ತರುತ್ತಾರೆ.

ಇಲ್ಲಿ ಅಷ್ಟೊಂದು ಚಳಿ ಇರುತ್ತದಾ?

2019ರ ಜನವರಿ 30ರಂದು ಷಿಕಾಗೊದ ಒಹೇರ್ ವಿಮಾನ ನಿಲ್ದಾಣದಲ್ಲಿ ಮೈನಸ್ 31 ಡಿಗ್ರಿ ಸೆಲ್ಸಿಯಸ್ ಇತ್ತು. 1985ರ ಜನವರಿ 20ರಂದು ಮೈನಸ್ 33ರವರೆಗೆ ಇಳಿದಿತ್ತು. ಪ್ರತಿ ವರ್ಷ ಹಾಗಿರುವುದಿಲ್ಲ, ನಿಜ. ಆದರೆ ಪೈಪು ಒಡೆಯಲು ಅಷ್ಟು ಚಳಿ ಬೇಕಾಗಿಯೂ ಇಲ್ಲ. ರಾತ್ರಿಯಿಡೀ ಮೈನಸ್ 4, ಮೈನಸ್ 5 ಇದ್ದರೆ ಸಣ್ಣ ಪೈಪುಗಳಿಗೆ ಅಪಾಯ ಶುರು. ಚಳಿಗಾಲಕ್ಕೆ ಬೋಟನ್ನು ನೀರಿನಿಂದ ಎತ್ತಿ ಇಡುವ ಯಾರ್ಡಿನಲ್ಲಿ ಸ್ಟ್ಯಾಂಡ್ ಮೇಲೆ ನಿಂತ ಬೋಟಿಗೆ ನಾಲ್ಕೂ ಕಡೆಯಿಂದ ಗಾಳಿ. ಫೈಬರ್‌ಗ್ಲಾಸ್ ಗೋಡೆ ಚಳಿಯನ್ನು ತಡೆಯುವುದು ಅಷ್ಟಕ್ಕಷ್ಟೇ.

ಯಾವಾಗ ಮಾಡಬೇಕು?

ಷಿಕಾಗೊ ನಗರದ ಹಾರ್ಬರ್‌ಗಳು ಮೇ 1ರಿಂದ ಅಕ್ಟೋಬರ್ 31ರ ತನಕ ತೆರೆದಿರುತ್ತವೆ. ಶರತ್ಕಾಲದಲ್ಲಿ ಸೈಲ್‌ಬೋಟುಗಳು ಗುಂಪಾಗಿ ನದಿಯೊಳಗಿನ ಯಾರ್ಡುಗಳಿಗೆ ಹೋಗುತ್ತವೆ. ಮಾಸ್ಟ್ (ಹಾಯಿಯ ಕಂಬ) ಇಳಿಸದೆ ಹೋಗುವವರಿಗಾಗಿ ಪೇಟೆಯ ಮಧ್ಯದ ಸೇತುವೆಗಳನ್ನು ಒಂದೊಂದಾಗಿ ಎತ್ತುತ್ತಾರೆ. ನೋಡಲು ಚೆನ್ನಾಗಿರುತ್ತದೆ, ಆದರೆ ಅವತ್ತು ಹೊತ್ತು ಎಷ್ಟಾಗುತ್ತದೆ ಎಂದು ಹೇಳಲು ಬರುವುದಿಲ್ಲ. ಆ ದಿನ ಕಾಫಿಗೂ ಕೈತೊಳೆಯಲೂ ನೀರು ಬೇಕು.

ನನ್ನ ಪ್ರಕಾರ ಬೋಟು ಇನ್ನೂ ನೀರಿನಲ್ಲಿ ಇರುವಾಗಲೇ, ಎತ್ತಿಸುವ ಒಂದೆರಡು ದಿನ ಮೊದಲು ಮುಗಿಸುವುದು ಒಳ್ಳೆಯದು. ಬೋಟು ಸಮವಾಗಿ ನಿಂತಿರುತ್ತದೆ, ಕರೆಂಟು ಕೈಗೆ ಸಿಗುತ್ತದೆ, ಆಂಟಿಫ್ರೀಜ್ ಕ್ಯಾನುಗಳನ್ನು ಹೊತ್ತು ಹತ್ತಡಿ ಏಣಿ ಹತ್ತುವ ಕಷ್ಟ ಇಲ್ಲ. ಅಷ್ಟರ ಮೇಲೆ ಕುಡಿಯಲು ಬಾಟಲಿ ನೀರು ಒಯ್ದರಾಯಿತು. ಯಾರ್ಡಿನಲ್ಲೇ ಮಾಡುತ್ತೇನೆ ಎನ್ನುವವರು ನವೆಂಬರ್ ಮೊದಲ ವಾರ ದಾಟಿಸಬೇಡಿ.

ನನ್ನ ಬೋಟು ಚಳಿಗಾಲದಲ್ಲೂ ನೀರಿನಲ್ಲೇ ಇರುತ್ತದೆ. ಒಳಗೆ ಹೀಟರ್ ಇಟ್ಟರೆ ಆಗದಾ?

ಹೀಟರ್ ಕರೆಂಟನ್ನು ನಂಬಿಕೊಂಡಿದೆ. ಕರೆಂಟು ಹೋಗುವುದು ಹಿಮಗಾಳಿ ಬೀಸಿದ ರಾತ್ರಿಯೇ. ನೀರಿನಡಿಯಲ್ಲಿ ಗಾಳಿಗುಳ್ಳೆ ಬಿಡುವ ಬಬ್ಲರ್ ಹಾಕಿದರೆ ಬೋಟಿನ ಸುತ್ತ ಮಂಜು ಕಟ್ಟುವುದಿಲ್ಲ, ಒಳಗಿನ ಪೈಪಿಗೆ ಅದರಿಂದ ಉಪಯೋಗವಿಲ್ಲ. ಬೋಟಿನಲ್ಲಿ ವಾಸ ಮಾಡುತ್ತಿಲ್ಲ ಎಂದಾದರೆ ಎಲ್ಲರಂತೆ ಖಾಲಿ ಮಾಡಿ.

ಯಾವ ಆಂಟಿಫ್ರೀಜ್ ತರಬೇಕು? ಕಾರಿಗೆ ಹಾಕುವುದು ಮನೆಯಲ್ಲಿದೆ.

ಅದು ಮನೆಯಲ್ಲೇ ಇರಲಿ. ಕಾರಿನದು ಸಾಮಾನ್ಯವಾಗಿ ಎಥಿಲೀನ್ ಗ್ಲೈಕಾಲ್, ವಿಷ. ಕುಡಿಯುವ ನೀರಿನ ಪೈಪಿಗೆ ಒಂದು ಹನಿಯೂ ಹೋಗಬಾರದು. ನಿಮಗೆ ಬೇಕಾಗಿರುವುದು ಪ್ರೊಪಿಲೀನ್ ಗ್ಲೈಕಾಲ್. ಇದನ್ನು ಆಹಾರ ಪದಾರ್ಥಗಳಲ್ಲೂ ಬಳಸುತ್ತಾರೆ. ಬೋಟು ಅಂಗಡಿಗಳಲ್ಲಿ, ಆರ್‌ವಿ (ಒಳಗೆ ವಾಸಕ್ಕೆ ವ್ಯವಸ್ಥೆ ಇರುವ ಪ್ರವಾಸದ ವಾಹನ) ಸಾಮಾನು ಮಾರುವ ಕಡೆ ಒಂದು ಗ್ಯಾಲನ್ ಕ್ಯಾನಿನಲ್ಲಿ ಸಿಗುತ್ತದೆ, ಬಣ್ಣ ಗುಲಾಬಿ. ಡಾಕಿನಲ್ಲಿ ಎಲ್ಲರೂ ಸುಮ್ನೆ ‘ಪಿಂಕ್’ ಅನ್ನುತ್ತಾರೆ.

ಆದರೆ ಬಣ್ಣ ನೋಡಿ ಕೊಳ್ಳಬೇಡಿ, ಕ್ಯಾನಿನ ಹಿಂದೆ ಬರೆದದ್ದನ್ನು ಓದಿ. ತೀರಾ ಅಗ್ಗದ ಕೆಲವು ಪಿಂಕ್‌ಗಳಲ್ಲಿ ಎಥನಾಲ್ ಇರುತ್ತದೆ. ಅದಕ್ಕೆ ಬೆಂಕಿ ಹತ್ತುತ್ತದೆ, ಪಂಪಿನ ರಬ್ಬರ್ ವಾಷರುಗಳನ್ನು ಒಣಗಿಸುತ್ತದೆ, ಆ ರುಚಿ ಪೈಪಿನಿಂದ ಬೇಗ ಬಿಡುವುದೂ ಇಲ್ಲ. ಕ್ಯಾನಿಗೆ ಎರಡು ಡಾಲರ್ ಉಳಿಸಲು ಹೋಗಿ ಇದನ್ನೆಲ್ಲ ತಲೆಗೆ ಕಟ್ಟಿಕೊಳ್ಳುವುದು ಬೇಡ. ಪೂರ್ತಿ ಪ್ರೊಪಿಲೀನ್ ಗ್ಲೈಕಾಲ್ ಇರುವುದನ್ನೇ ತನ್ನಿ.

ಕ್ಯಾನಿನ ಮೇಲೆ ಮೈನಸ್ 50 ಎಂದಿದೆ. ಅಂದರೆ ಅಷ್ಟರವರೆಗೆ ಗಟ್ಟಿಯಾಗುವುದಿಲ್ಲವಾ?

ಎರಡು ವಿಷಯ. ಒಂದು, ಅದು ಫ್ಯಾರನ್‌ಹೀಟ್. ನಮ್ಮ ಲೆಕ್ಕದಲ್ಲಿ ಸುಮಾರು ಮೈನಸ್ 45. ಎರಡು, ಅದು ಪೈಪು ಒಡೆಯದಂತೆ ಕಾಯುವ ಮಿತಿ, ಹೆಪ್ಪುಗಟ್ಟದ ಮಿತಿ ಅಲ್ಲ. ಅದಕ್ಕಿಂತ ಎಷ್ಟೋ ಮೊದಲೇ ದ್ರವ ಮೆತ್ತಗಿನ ಕೆಸರಿನ ಹಾಗೆ ಆಗುತ್ತದೆ. ಗಡ್ಡೆ ಕಟ್ಟದ ಕಾರಣ ಪೈಪನ್ನು ಒತ್ತುವುದಿಲ್ಲ, ಅಷ್ಟೇ. ಜನವರಿಯಲ್ಲಿ ಹೋಗಿ ನೋಡಿದಾಗ ಗುಲಾಬಿ ಕೆಸರು ಕಂಡರೆ ಗಾಬರಿ ಬೇಡ.

ಆದರೆ ಇದು ಕ್ಯಾನಿನಲ್ಲಿ ಇದ್ದ ಹಾಗೇ ಪೈಪಿನಲ್ಲೂ ಇದ್ದರೆ ಮಾತ್ರ. ಪೈಪಿನಲ್ಲಿ ಅರ್ಧ ನೀರು ಉಳಿದಿದ್ದು ಮೇಲಿಂದ ಪಿಂಕ್ ಹಾಕಿದರೆ ಆ ಮೈನಸ್ 50ಕ್ಕೆ ಅರ್ಥವೇ ಇಲ್ಲ. ಈ ಕೆಲಸದಲ್ಲಿ ನೆನಪಿಡಬೇಕಾದದ್ದು ಇದೇ: ಮೊದಲು ಖಾಲಿ, ಆಮೇಲೆ ಪಿಂಕ್. ತಿಳಿಬಣ್ಣದ ಮಿಶ್ರಣ ಇದ್ದರೆ ಕಾಪಾಡಿದಂತೆ ಅನ್ನಿಸುತ್ತದೆ, ಕಾಪಾಡುವುದಿಲ್ಲ.

ಸರಿ, ಎಲ್ಲಿಂದ ಶುರು?

ಟ್ಯಾಂಕಿನಿಂದ. ಎಲ್ಲ ನಲ್ಲಿ ತೆರೆದು ಪಂಪು ಹಾಕಿ, ನೀರು ಮುಗಿದು ನಲ್ಲಿ ಉಗುಳಲು ಶುರುಮಾಡುವ ತನಕ ಓಡಿಸಿ. ರಬ್ಬರ್ ಪೊರೆಯಿಂದ ನೀರು ತಳ್ಳುವ ಡಯಾಫ್ರಮ್ ಪಂಪು ಸ್ವಲ್ಪ ಹೊತ್ತು ಒಣಗಿ ಓಡಿದರೂ ತಡೆದುಕೊಳ್ಳುತ್ತದೆ, ಆದರೂ ಬಿಟ್ಟು ಹೋಗಬೇಡಿ. ಎರಡು ಟ್ಯಾಂಕು ಇದ್ದರೆ ವಾಲ್ವ್ ತಿರುಗಿಸಿ ಎರಡನ್ನೂ ಬತ್ತಿಸಿ. ತಳದಲ್ಲಿ ಉಳಿದದ್ದನ್ನು ತಪಾಸಣೆಯ ಮುಚ್ಚಳ ತೆಗೆದು ನೀರೆಳೆಯುವ ವ್ಯಾಕ್ಯೂಮ್‌ನಲ್ಲಿ ಎಳೆದು, ಬಟ್ಟೆಯಲ್ಲಿ ಒರೆಸಿ. ತಳದಲ್ಲಿ ಕೂತ ಲೋಳೆ ಏನಾದರೂ ಇದ್ದರೆ ಈಗಲೇ ತೊಳೆಯಲು ಸಮಯ. ಟ್ಯಾಂಕಿಗೆ ನೀರು ತುಂಬುವ ಹೋಸು ಎಲ್ಲಾದರೂ ಜೋತುಬಿದ್ದಿದ್ದರೆ ಆ ತಗ್ಗಿನಲ್ಲೂ ನೀರು ಇರುತ್ತದೆ. ಎತ್ತಿ ಹಿಡಿದು ಟ್ಯಾಂಕಿನೊಳಕ್ಕೆ ಹರಿಸಿ.

ಟ್ಯಾಂಕಿಗೇ ಪಿಂಕ್ ಸುರಿದರೆ ಕೆಲಸ ಬೇಗ ಆಗುತ್ತದಲ್ವಾ?

ಸುರಿಯುವುದು ಬೇಗ ಆಗುತ್ತದೆ. ಮೇ ತಿಂಗಳಲ್ಲಿ ತೊಳೆಯುವುದು ಮುಗಿಯುವುದೇ ಇಲ್ಲ. ಟ್ಯಾಂಕಿನ ಮೂಲೆಯಲ್ಲಿ ಉಳಿದ ನೀರಿನ ಜೊತೆ ಬೆರೆತು ಪಿಂಕ್ ತೆಳ್ಳಗಾಗುತ್ತದೆ, ಪಂಪಿಗೆ ಎಟುಕುವಷ್ಟು ತುಂಬಲು ಇನ್ನೂ ಎರಡು ಕ್ಯಾನ್ ಬೇಕಾಗುತ್ತದೆ, ಬೇಸಿಗೆಯಿಡೀ ಚಹಾದಲ್ಲಿ ಒಂಥರಾ ಸಿಹಿ. ಟ್ಯಾಂಕನ್ನು ಒಣಗಿಸಿ ಬಿಡಿ. ಟ್ಯಾಂಕಿನಿಂದ ಪಂಪಿಗೆ ಬರುವ ಹೋಸನ್ನು ಪಂಪಿನ ಕಡೆ ಬಿಚ್ಚಿ. ಆ ಜಾಗಕ್ಕೆ ಒಂದು ಮೀಟರ್ ಉದ್ದದ ತುಂಡು ಹೋಸು ಹಾಕಿ, ಅದರ ಇನ್ನೊಂದು ತುದಿಯನ್ನು ಸೀದಾ ಪಿಂಕ್ ಕ್ಯಾನಿನೊಳಗೆ ಇಳಿಬಿಡಿ.

ವಾಟರ್ ಹೀಟರ್ ಏನು ಮಾಡಬೇಕು?

ಇಲ್ಲಿ ಸ್ವಲ್ಪ ನಿಧಾನ ಮಾಡಿ. ಬೋಟಿನಲ್ಲಿ ಹೊಸದಾಗಿ ಹಾಕಿಸಲು ತುಂಬಾ ದುಬಾರಿಯಾಗುವ ವಸ್ತುಗಳಲ್ಲಿ ಇದೂ ಒಂದು, ಕೈ ಹೋಗದ ಮೂಲೆಯಲ್ಲಿ ಕೂತಿರುವುದೂ ಇದೇ.

ಮೊಟ್ಟಮೊದಲು ಹೀಟರಿನ ಬ್ರೇಕರ್ ಆರಿಸಿ, ಅದರ ಮೇಲೆ ಒಂದು ಟೇಪು ಅಂಟಿಸಿ. ನೀರಿಲ್ಲದ ಹೀಟರಿಗೆ ಕರೆಂಟು ಕೊಟ್ಟರೆ ಎಲಿಮೆಂಟ್ ಸುಟ್ಟುಹೋಗುತ್ತದೆ. ವಸಂತದಲ್ಲಿ ಬೋಟಿಗೆ ಬಂದವರು ಅಭ್ಯಾಸಬಲದಿಂದ ಎಲ್ಲ ಬ್ರೇಕರ್ ಎತ್ತುತ್ತಾರೆ, ಆಗ ಈ ಟೇಪು ಕೆಲಸಕ್ಕೆ ಬರುತ್ತದೆ. ನೀರು ತಣ್ಣಗಾದ ಮೇಲೆ ಕೆಳಗಿನ ಡ್ರೇನ್ ತೆರೆಯಿರಿ. ಬರೀ ಅಷ್ಟೇ ತೆರೆದರೆ ಸಣ್ಣಗೆ ಹರಿದು ನಿಂತುಬಿಡುತ್ತದೆ. ಒಳಗೆ ಬರುವ ತಣ್ಣೀರಿನ ಬಾಯಲ್ಲಿ ಒಂದೇ ದಿಕ್ಕಿಗೆ ಹರಿಯಲು ಬಿಡುವ ಚೆಕ್ ವಾಲ್ವ್ ಇರುವುದರಿಂದ ಗಾಳಿ ನುಗ್ಗಲು ದಾರಿ ಇರುವುದಿಲ್ಲ. ಮೇಲಿನ ಪ್ರೆಷರ್ ರಿಲೀಫ್ ವಾಲ್ವಿನ ಪುಟ್ಟ ಹಿಡಿ ಎತ್ತಿ. ಗುಳುಗುಳು ಎಂದು ಗಾಳಿ ಒಳಗೆ ಹೋಗಿ ನೀರು ಧಾರೆಯಾಗಿ ಬರುತ್ತದೆ. ಕೆಳಗೆ ಬಕೆಟ್ ಇಡಿ, ಅಥವಾ ಬಿಲ್ಜಿಗೆ (ಬೋಟಿನ ತಳದ ಗುಂಡಿಗೆ) ಬಿಟ್ಟು ಬಿಲ್ಜ್ ಪಂಪಿನಿಂದ ಹೊರಹಾಕಿ. ಸಾಮಾನ್ಯ ಹೀಟರ್ 6 ಗ್ಯಾಲನ್, ಅಂದರೆ 23 ಲೀಟರಿನ ಆಸುಪಾಸು. ದೊಡ್ಡದು 11 ಗ್ಯಾಲನ್.

ಇನ್ನು ಬೈಪಾಸ್. ಹೀಟರ್ ಮಧ್ಯದಲ್ಲಿ ಇದ್ದರೆ ಬಿಸಿನೀರಿನ ಸಾಲಿಗೆ ಪಿಂಕ್ ತಲುಪಬೇಕಾದರೆ ಮೊದಲು ಆ 6 ಗ್ಯಾಲನ್ ತುಂಬಬೇಕು. ಸುಮ್ನೆ ದುಡ್ಡು ದಂಡ. ಹೀಟರಿಗೆ ತಣ್ಣೀರು ಬರುವ ಹೋಸು, ಬಿಸಿನೀರು ಹೋಗುವ ಹೋಸು ಎರಡನ್ನೂ ಬಿಚ್ಚಿ, ಒಂದು ಜೋಡಣೆಯ ತುಂಡಿನಿಂದ ಒಂದಕ್ಕೊಂದು ಸೇರಿಸಿದರೆ ಮುಗಿಯಿತು. ವರ್ಷವರ್ಷವೂ ಬಿಚ್ಚಲು ಬೇಜಾರಾದರೆ ವಾಲ್ವ್ ಇರುವ ಬೈಪಾಸ್ ಕಿಟ್ ಸಿಗುತ್ತದೆ, ಒಮ್ಮೆ ಕೂರಿಸಿದರೆ ಸಾಕು.

ಹೀಟರಿನೊಳಗೆ ಎಂಜಿನ್ ಶಾಖದ ಸುರುಳಿಯೂ ಇದ್ದರೆ ಅದನ್ನು ಇದರ ಜೊತೆ ಬಿಚ್ಚಬೇಡಿ. ಅದರಲ್ಲಿರುವುದು ಎಂಜಿನ್ ಕೂಲಂಟ್. ಅದು ಎಷ್ಟು ಚಳಿ ತಡೆಯುತ್ತದೆ ಎಂದು ಟೆಸ್ಟರ್ ಹಾಕಿ ನೋಡಿದರೆ ಸಾಕು.

ಪೈಪು ತುಂಬಿತು ಎಂದು ಹೇಗೆ ಗೊತ್ತಾಗುತ್ತದೆ?

ಪಂಪಿಗೆ ಅತ್ಯಂತ ದೂರದ ನಲ್ಲಿ ಮೊದಲು ತೆರೆಯಿರಿ, ತಣ್ಣೀರಿನ ಕಡೆ. ಮೊದಲು ಗಾಳಿ ಉಗುಳುತ್ತದೆ. ಆಮೇಲೆ ಪೈಪಿನಲ್ಲಿದ್ದ ನೀರು, ನೊರೆ ನೊರೆ. ಆಮೇಲೆ ತಿಳಿಗುಲಾಬಿ. ಬಹಳ ಜನ ಇಲ್ಲೇ ನಲ್ಲಿ ಮುಚ್ಚುತ್ತಾರೆ. ಮುಚ್ಚಬೇಡಿ. ಬೇರೆ ಲೋಟದಲ್ಲಿ ಕ್ಯಾನಿನ ಪಿಂಕ್ ಹಾಕಿ ಪಕ್ಕದಲ್ಲಿ ಇಟ್ಟುಕೊಳ್ಳಿ, ನಲ್ಲಿಯಿಂದ ಬರುವುದು ಅದೇ ಬಣ್ಣಕ್ಕೆ ಬಂದಾಗ ನಿಲ್ಲಿಸಿ. ಆಮೇಲೆ ಬಿಸಿನೀರಿನ ಕಡೆ. ಒಂದೇ ಹಿಡಿಯ ನಲ್ಲಿಯಾದರೆ ಎಡ, ಬಲ, ನಡು ಮೂರೂ ಜಾಗದಲ್ಲಿ ಹರಿಸಿ. ಒಳಗಿನ ಕಾರ್ಟ್ರಿಜ್‌ನಲ್ಲಿ ನೀರು ಉಳಿಯುವುದು ಆ ನಡುವಿನಲ್ಲೇ.

ಹೀಗೆ ಒಂದೊಂದೇ ನಲ್ಲಿ ಮುಗಿಸುತ್ತ ಬನ್ನಿ. ಸಿಂಕಿನಲ್ಲಿ ಹರಿದ ಪಿಂಕ್ ಅದರ ಡ್ರೇನಿನ ತಿರುವಿನಲ್ಲಿ ಉಳಿಯುವುದರಿಂದ ಅಲ್ಲಿಗೂ ಕಾವಲಾಯಿತು. ಬೈಪಾಸ್ ಇದ್ದರೆ 30 ಅಡಿಯ ಬೋಟಿಗೆ ಎರಡರಿಂದ ನಾಲ್ಕು ಗ್ಯಾಲನ್ ಸಾಕಾಗುತ್ತದೆ. ಕೊನೆಗೆ ಪಂಪಿನ ಬ್ರೇಕರ್ ಆರಿಸಿ, ನಲ್ಲಿಗಳನ್ನು ತೆರೆದೇ ಬಿಡಿ.

ಜನ ಮರೆಯುವುದು ಎಲ್ಲಿ?

ಕಾಕ್‌ಪಿಟ್ (ಚುಕ್ಕಾಣಿ ಹಿಡಿದು ಕೂರುವ ತೆರೆದ ಜಾಗ) ಷವರಿನಲ್ಲಿ. ಹಿಂಭಾಗದ ಡಬ್ಬಿಯೊಳಗೆ ಸುರುಳಿ ಸುತ್ತಿ ಕೂತ ಹೋಸು, ಅದರ ತುದಿಯ ಹಿಡಿ. ಹೊರಗಡೆಯ ಗಾಳಿಗೆ ಮೊದಲು ಸಿಗುವುದು ಅದೇ, ಬಿಸಿ-ತಣ್ಣೀರು ಬೆರೆಸುವ ವಾಲ್ವ್ ಅದರ ಹಿಂದೆ ಅಡಗಿರುತ್ತದೆ.

ಆಮೇಲೆ ಡಾಕಿನ ನೀರು ಸಿಕ್ಕಿಸುವ ಬಾಯಿ. ಅದರೊಳಗೆ ಒತ್ತಡ ತಗ್ಗಿಸುವ ಭಾಗ, ಚೆಕ್ ವಾಲ್ವ್ ಎರಡೂ ಇವೆ. ಪಂಪಿನಿಂದ ತಳ್ಳಿದ ಪಿಂಕ್ ಚೆಕ್ ವಾಲ್ವ್ ದಾಟಿ ಅಲ್ಲಿಗೆ ಹೋಗುವುದಿಲ್ಲ. ಒಳಗಿನಿಂದ ಹೋಸು ಬಿಚ್ಚಿ ಬಸಿಯಬೇಕು. ಗ್ಯಾಲಿಯ ಕಾಲುಪಂಪಿಗೆ ಪ್ರತ್ಯೇಕ ಹೋಸು ಇದ್ದರೆ ಅದನ್ನೂ ಕ್ಯಾನಿಗೆ ಹಾಕಿ ತುಳಿಯಿರಿ. ಪಂಪಿನ ಪಕ್ಕದಲ್ಲಿ ಒತ್ತಡ ಸಮವಾಗಿ ಇಡುವ ಪುಟ್ಟ ಡಬ್ಬಿ ಅಕ್ಯುಮುಲೇಟರ್, ಷವರಿನ ಕೆಳಗಿನ ಸಂಪು ಮತ್ತು ಅದರ ಪಂಪು, ಐಸ್‌ಬಾಕ್ಸಿನ ಡ್ರೇನು, ಮುಂಭಾಗದಲ್ಲಿ ಆಂಕರ್ ತೊಳೆಯುವ ಪಂಪು, ಇವೂ ಇವೆ. ಕುಡಿಯುವ ನೀರಿನ ಫಿಲ್ಟರ್ ಇದ್ದರೆ ಪಿಂಕ್ ಹರಿಸುವ ಮೊದಲೇ ಕಾರ್ಟ್ರಿಜ್ ತೆಗೆದು ಎಸೆಯಿರಿ. ಕಾರ್ಬನ್ ಒಮ್ಮೆ ಪಿಂಕ್ ಹೀರಿದರೆ ಆ ರುಚಿ ಬಿಡುವುದಿಲ್ಲ.

ಮೊದಲ ವರ್ಷ ಪೈಪುಗಳ ಒಂದು ಒರಟು ನಕ್ಷೆ ಬರೆದು ಬೋಟಿನಲ್ಲೇ ಇಟ್ಟರೆ ಮುಂದಿನ ವರ್ಷ ಅರ್ಧ ತಲೆನೋವು ಕಡಿಮೆ. ಹಳೇ ಬೋಟಿನಲ್ಲಿ ಹಿಂದಿನ ಮಾಲೀಕರು ಎಲ್ಲೆಲ್ಲಿ ಏನೇನು ಸೇರಿಸಿದ್ದಾರೋ ಯಾರಿಗೆ ಗೊತ್ತು.

ಪಿಂಕ್ ಬೇಡ, ಕಂಪ್ರೆಸರಿನಿಂದ ಗಾಳಿ ಊದಿಬಿಟ್ಟರೆ?

ಊದಬಹುದು. ರುಚಿಯ ತೊಂದರೆ ಇಲ್ಲ, ಖರ್ಚಿಲ್ಲ. ಒತ್ತಡ 30 ಪಿಎಸ್‌ಐ ಮೀರದಿರಲಿ, ಜಾಸ್ತಿ ಕೊಟ್ಟರೆ ಜಾಯಿಂಟು ಬಿಟ್ಟುಕೊಳ್ಳುತ್ತವೆ. ಆದರೆ ಬೋಟಿನ ಹೋಸುಗಳು ಮನೆಯ ಪೈಪಿನ ಹಾಗೆ ನೇರವಾಗಿ ಇರುವುದಿಲ್ಲ. ಮಲಗುವ ಬಂಕಿನ ಕೆಳಗೆ ಏರಿಳಿಯುತ್ತ ಹೋಗುತ್ತವೆ. ಗಾಳಿ ಮೇಲಿಂದ ಹಾದುಹೋಗುತ್ತದೆ, ತಗ್ಗಿನಲ್ಲಿ ನೀರು ಹಾಗೇ ಕೂತಿರುತ್ತದೆ. ಪೆಕ್ಸ್ ಎಂಬ ಪ್ಲಾಸ್ಟಿಕ್ ಪೈಪು ಸ್ವಲ್ಪ ಹಿಗ್ಗಿ ಬದುಕಿಕೊಳ್ಳುತ್ತದೆ, ಅದರ ಪ್ಲಾಸ್ಟಿಕ್ ಜಾಯಿಂಟುಗಳು ಬದುಕುವುದಿಲ್ಲ. ಊದಿ ನೀರು ತೆಗೆದು, ಆಮೇಲೆ ಪಿಂಕ್ ಎಳೆಯುವುದು ನನಗೆ ಇಷ್ಟ. ಪಿಂಕ್ ತೆಳ್ಳಗಾಗುವುದಿಲ್ಲ, ಕಡಿಮೆಯೂ ಸಾಕು.

ವೋಡ್ಕಾ ಹಾಕುವವರಿದ್ದಾರಂತೆ, ನಿಜವಾ?

ನಿಜ. ಅಗ್ಗದ ವೋಡ್ಕಾ, ನೀರಿನ ರುಚಿ ಕೆಡಬಾರದು ಎಂಬ ಕಾರಣಕ್ಕೆ. 40 ಶೇಕಡಾ ವೋಡ್ಕಾ ಸುಮಾರು ಮೈನಸ್ 27ಕ್ಕೆ ಹೆಪ್ಪುಗಟ್ಟುತ್ತದೆ. 2019ರ ಆ ಜನವರಿಗೆ ಅದು ಸಾಲುತ್ತಿರಲಿಲ್ಲ. ಇದರಲ್ಲಿ ಪೈಪಿಗಿಂತ ಮಾಲೀಕರಿಗೇ ಉಪಯೋಗ ಜಾಸ್ತಿ ಎಂದು ನನ್ನ ಅನುಮಾನ.

ಟಾಯ್ಲೆಟ್? ವಾಟರ್‌ಮೇಕರ್?

ಸರೋವರದ ನೀರಿನಿಂದ ತೊಳೆಯುವ ಟಾಯ್ಲೆಟ್ ಬೇರೆಯೇ ಸಾಲು. ಮಲಿನ ಸೇರುವ ಹೋಲ್ಡಿಂಗ್ ಟ್ಯಾಂಕು ಖಾಲಿ ಮಾಡಿಸಿ, ನೀರೆಳೆಯುವ ಹೋಸನ್ನು ಪಿಂಕ್ ಕ್ಯಾನಿಗೆ ಹಾಕಿ ಪಂಪು ಮಾಡಿ. ಅದಕ್ಕೆ ಬಳಸಿದ ತುಂಡು ಹೋಸನ್ನು ಕುಡಿಯುವ ನೀರಿನ ಕಡೆ ತರಬೇಡಿ. ಗ್ರೇಟ್ ಲೇಕ್ಸ್‌ನಲ್ಲಿ ಸುತ್ತುತ್ತಿದ್ದರೆ ವಾಟರ್‌ಮೇಕರ್ (ಸಮುದ್ರದ ಉಪ್ಪುನೀರನ್ನು ಕುಡಿಯುವ ನೀರಾಗಿಸುವ ಯಂತ್ರ) ಇರುವ ಸಂಭವ ಕಡಿಮೆ. ಇದ್ದರೆ ತಯಾರಕರ ಪುಸ್ತಕ ಬಿಟ್ಟು ಬೇರೆ ಯಾರ ಮಾತೂ ಕೇಳಬೇಡಿ.

ಯಾರ್ಡಿನವರಿಗೇ ಹೇಳಿ ಮಾಡಿಸಿದರೆ?

ಮಾಡಿಸಬಹುದು, ತಪ್ಪೇನಿಲ್ಲ. ಹೀಟರ್ ಬಸಿಯುತ್ತೀರಾ, ಟ್ಯಾಂಕಿಗೆ ಪಿಂಕ್ ಸುರಿಯುತ್ತೀರಾ, ಕಾಕ್‌ಪಿಟ್ ಷವರ್ ಸೇರಿದೆಯಾ, ಈ ಮೂರನ್ನು ಬರಹದಲ್ಲಿ ಕೇಳಿ. ಬಿಲ್ಲು ಎತ್ತಿಡಿ. ಬೋಟಿನ ಬಹಳಷ್ಟು ವಿಮಾ ಪಾಲಿಸಿಗಳಲ್ಲಿ ಹಿಮದಿಂದಾದ ಹಾನಿಗೆ ಪರಿಹಾರ ಇರುವುದಿಲ್ಲ, ಅಥವಾ ಷರತ್ತು ಇರುತ್ತದೆ. ನಿಮ್ಮದರಲ್ಲಿ ಏನಿದೆ ಎಂದು ಅಕ್ಟೋಬರಿನಲ್ಲೇ ಓದಿ.

ಊರಲ್ಲಿ ಕಾರವಾರ, ಮಲ್ಪೆ ಕಡೆಯ ಬೋಟಿಗೆ ಇದರಲ್ಲಿ ಏನಾದರೂ ಅನ್ವಯಿಸುತ್ತದಾ?

ಹೆಪ್ಪುಗಟ್ಟುವ ಮಾತೇ ಇಲ್ಲವಲ್ಲ, ಪಿಂಕ್ ಬೇಡ. ಆದರೆ ಮಳೆಗಾಲದಲ್ಲಿ ಬೋಟು ದಡದಲ್ಲಿ ನಿಲ್ಲುವಾಗ ಟ್ಯಾಂಕು, ಪೈಪು ಖಾಲಿ ಮಾಡಿ ಮುಚ್ಚಳ ತೆರೆದಿಡುವುದು ಒಳ್ಳೆಯದು. ಸೆಖೆಗೆ ನಿಂತ ನೀರಿನಲ್ಲಿ ಪಾಚಿ, ವಾಸನೆ ಎರಡೂ ಬೇಗ.

ವಸಂತದಲ್ಲಿ ಪಿಂಕ್ ಎಲ್ಲಿ ಚೆಲ್ಲುವುದು? ವಿಷ ಅಲ್ಲವಲ್ಲ, ಸರೋವರಕ್ಕೇ ಬಿಡಬಹುದಾ?

ವಿಷ ಅಲ್ಲ ಅಂದಮಾತ್ರಕ್ಕೆ ನೀರಿಗೆ ಒಳ್ಳೆಯದು ಅಂತಲ್ಲ. ಗ್ಲೈಕಾಲ್ ಕೊಳೆಯುವಾಗ ನೀರಿನಲ್ಲಿರುವ ಆಕ್ಸಿಜನ್ ತಿಂದುಹಾಕುತ್ತದೆ. ಹಾರ್ಬರಿನಂಥ ನಿಂತ ನೀರಿನಲ್ಲಿ ಎಲ್ಲರೂ ಒಂದೇ ವಾರ ಬಿಟ್ಟರೆ ಮೀನಿಗೆ ಕಷ್ಟ. ನಲ್ಲಿಯ ಕೆಳಗೆ ಬಕೆಟ್ ಇಟ್ಟು ಹಿಡಿಯಿರಿ, ಯಾರ್ಡಿನಲ್ಲಿ ಎಲ್ಲಿ ಹಾಕಬೇಕೆಂದು ಕೇಳಿ.

ಎಷ್ಟು ತೊಳೆದರೂ ನೀರು ಸಿಹಿ ಸಿಹಿ. ಏನು ಮಾಡಲಿ?

ಹೀಟರಿನ ಬೈಪಾಸ್ ಇನ್ನೂ ಹಾಗೇ ಇದೆಯಾ ನೋಡಿ. ಇದ್ದರೆ ತೆಗೆದು ಹೋಸುಗಳನ್ನು ಹೀಟರಿಗೆ ಸೇರಿಸಿ, ಬಿಸಿನೀರಿನ ಸಾಲನ್ನು ಮತ್ತೆ ತೊಳೆಯಿರಿ. ಆಮೇಲೆ ಟ್ಯಾಂಕಿನ 100 ಲೀಟರಿಗೆ ಸುಮಾರು 100 ಮಿಲಿಲೀಟರ್ ಲೆಕ್ಕದಲ್ಲಿ ವಾಸನೆ ಬೆರೆಸದ ಮಾಮೂಲಿ ಬ್ಲೀಚ್ ಹಾಕಿ. ಎಲ್ಲ ನಲ್ಲಿಯಲ್ಲೂ ಬ್ಲೀಚ್ ವಾಸನೆ ಬರುವ ತನಕ ಹರಿಸಿ ಮೂರು-ನಾಲ್ಕು ಗಂಟೆ ಬಿಡಿ. ಅಲ್ಯೂಮಿನಿಯಂ ಟ್ಯಾಂಕಾದರೆ ರಾತ್ರಿಯಿಡೀ ಬಿಡಬೇಡಿ, ಲೋಹ ಕೊರೆಯುತ್ತದೆ. ವಾಸನೆ ಹೋಗುವ ತನಕ ತೊಳೆಯಿರಿ. ಬ್ಲೀಚ್ ಇರುವಾಗ ವಿನಿಗರ್ ಹಾಕಲೇಬೇಡಿ, ವಿಷಗಾಳಿ ಏಳುತ್ತದೆ.

ಎಲ್ಲ ಸರಿಯಾಗಿದೆ ಎಂದು ಮೊದಲ ದಿನವೇ ಡಾಕಿನ ಹೋಸು ಸಿಕ್ಕಿಸಿಬಿಡಬಹುದಾ?

ಬೇಡ. ಮೊದಲು ಟ್ಯಾಂಕಿಗೆ ಸ್ವಲ್ಪ ನೀರು ತುಂಬಿ ಬೋಟಿನ ಪಂಪಿನಲ್ಲೇ ಒತ್ತಡ ಏರಿಸಿ, ನಲ್ಲಿಗಳನ್ನೆಲ್ಲ ಮುಚ್ಚಿ. ಪಂಪು ನಿಲ್ಲಬೇಕು, ನಿಂತೇ ಇರಬೇಕು. ಯಾರೂ ನಲ್ಲಿ ಮುಟ್ಟದೆ ನಡುನಡುವೆ ಟರ್‍ರ್ ಎಂದರೆ ಎಲ್ಲೋ ಸೋರುತ್ತಿದೆ. ಟಿಷ್ಯೂ ಕಾಗದ ಹಿಡಿದು ಒಂದೊಂದು ಜಾಯಿಂಟನ್ನೂ ಒರೆಸುತ್ತ ಹೋಗಿ, ಒದ್ದೆಯಾದ ಕಡೆ ಸಿಕ್ಕಿತು. ಟ್ಯಾಂಕಿನ ನೀರು ಸೋರಿದರೆ ಟ್ಯಾಂಕು ಮುಗಿದಾಗ ನಿಲ್ಲುತ್ತದೆ. ಡಾಕಿನ ಹೋಸಿನಲ್ಲಿ ನೀರು ಮುಗಿಯುವುದೇ ಇಲ್ಲ, ಬಿಟ್ಟುಹೋದ ಹೋಸಿನಿಂದ ಬೋಟು ಮುಳುಗಿದ್ದೂ ಇದೆ. ಸೋರಿಕೆ ಇಲ್ಲ ಎಂದು ಖಾತರಿಯಾದ ಮೇಲೂ ಬೋಟು ಬಿಟ್ಟು ಇಳಿಯುವಾಗ ಡಾಕಿನ ನಲ್ಲಿ ಮುಚ್ಚಿಯೇ ಹೋಗಿ.